ಅಪ್ಪ ಒರೆಸುತ್ತಿದ್ದ ನಳಿಗೆ

ಕಂಪ್ಲಿ ಹತ್ತಿರ ನಮ್ಮ ಕಬ್ಬಿನ ಹೊಲದ ಆಚೆಗೆ ಬಂಡೆಗಳ ಗುಡ್ಡ. ಅಲ್ಲಿಂದ ಹಂದಿಗಳು ಇಳಿದು ಬರುತ್ತಿದ್ದವು. ಅವನ್ನು ಹೆದರಿಸಲು ಅಪ್ಪ ಲೈಸೆನ್ಸ್ ಪಡೆದು ಹಳೆಯ ರೈಫಲ್ ಒಂದನ್ನು ಇಟ್ಟುಕೊಂಡಿದ್ದರು. ಆಕಾಶಕ್ಕೆ ಒಂದು ಗುಂಡು ಹಾರಿಸಿದರೆ ಸಾಕು, ಹಂದಿಗಳು ಓಡುತ್ತಿದ್ದವು.

ಗುಂಡು ಹಾಯುವ ಅದರ ನಳಿಗೆಯನ್ನು ಸ್ವಚ್ಛ ಮಾಡುವುದನ್ನು ಅವರು ನನಗೂ ಕಲಿಸಿದ್ದರು. "ಮದ್ಲು ಒಳಗ ಗುಂಡಿಲ್ಲಂತ ಕಣ್ಲೆ ನೋಡು, ಬೆರಳಿಟ್ಟು ನೋಡು. ಒರಸೂ ಕೋಲು ಹಿಂದಿನ ಬಾಯಾಗಿಂದ ಹಾಕ್ಬೇಕವ್ವಾ. ಮುಂದಿಂದ ತುರುಕಿದ್ರ ತುದಿ ಸವೀತೈತಿ, ಗುಂಡು ಓರೆ ಹೋಗ್ತೈತಿ." ಸುಟ್ಟ ಸಿಡಿಮದ್ದಿನ ಮಸಿ ಸಡಿಲಿಸುವ ಎಣ್ಣೆಯಲ್ಲಿ ಬ್ರಷ್ ಅದ್ದಿ ಎಳೆದು, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯ ಚೂರುಗಳನ್ನು ಒಂದೊಂದಾಗಿ ದಾಟಿಸಬೇಕು. ಚೂರು ಮೊದಲು ಕಪ್ಪಗೆ, ಆಮೇಲೆ ಬೂದಿ ಬಣ್ಣಕ್ಕೆ, ಕಡೆಗೆ ಬೆಳ್ಳಗೆ ಬರುತ್ತಿತ್ತು. ಆಗ ತುಕ್ಕು ಹಿಡಿಯದಂತೆ ತೆಳುವಾಗಿ ಎಣ್ಣೆ ಸವರಿದರೆ ಮುಗಿಯಿತು.

ಒಂದು ಸಂಜೆ ಕಬ್ಬು ಅಲುಗಾಡಿತು. ಬೆಳೆ ಬಹಳ ಹಾಳಾಗಿದ್ದ ವರ್ಷ ಅದು. ಸಿಟ್ಟಿನಲ್ಲಿದ್ದ ಅಪ್ಪ ಅಂದು ನಳಿಗೆಯನ್ನು ಮೇಲಕ್ಕೆತ್ತಲಿಲ್ಲ, ನೇರ ಕಬ್ಬಿನೊಳಗೇ ಹೊಡೆದರು. ಒಂದು ಕೂಗು ಕೇಳಿತು. ಅದು ಹಂದಿಯ ಕೂಗಾಗಿರಲಿಲ್ಲ.

ಬೆಳಗಾದ ಮೇಲೆ ನಾನೂ ಅಪ್ಪನೂ ಹೋಗಿ ನೋಡಿದೆವು. ರಕ್ತದ ಹನಿಗಳು ಗುಡ್ಡದವರೆಗೆ ಹೋಗಿ ಬಂಡೆಗಳ ನಡುವೆ ಕಾಣದಾಗಿದ್ದವು. ಅಲ್ಲೇ ಒಂದು ಕರಡಿ ಮರಿ ಕೂತು ತನ್ನ ಪಾದ ಚೀಪುತ್ತ ಗುಂಯ್ ಎನ್ನುತ್ತಿತ್ತು. ಆ ವಯಸ್ಸಿನ ಮರಿ ತಾಯಿಯ ಬೆನ್ನ ಮೇಲಿರಬೇಕಿತ್ತು.

ಸುದ್ದಿ ತಿಳಿದು ಅರಣ್ಯ ಇಲಾಖೆಯವರು ಬಂದರು. ಎಷ್ಟು ಹುಡುಕಿದರೂ ತಾಯಿ ಸಿಗಲಿಲ್ಲ. "ಯಜಮಾನ್ರ, ನಿನ್ನೆ ಗುಂಡಿನ ಸಪ್ಪಳ ಏನರ ಕೇಳಿತ್ತೇನ್ರಿ?" ಎಂದು ಗಾರ್ಡ್ ಕೇಳಿದ.

"ಇಲ್ರಿ," ಅಂದರು ಅಪ್ಪ.

ಮರಿಯನ್ನು ಗೋಣಿಚೀಲದಲ್ಲಿ ಸುತ್ತಿ ಜೀಪಿಗೆ ಹಾಕಿದರು. ಜೀಪು ಹೊರಟಾಗಲೂ ಅದು ಗುಂಯ್ ಎನ್ನುತ್ತಲೇ ಇತ್ತು.

ಆಮೇಲೆ ಅಪ್ಪ ಒಂದು ಗುಂಡನ್ನೂ ಹಾರಿಸಲಿಲ್ಲ. ಆದರೆ ನಳಿಗೆ ಒರೆಸುವುದು ಹೆಚ್ಚಾಯಿತು. ಅಷ್ಟರಲ್ಲಿ ನಾನು ಹೊಸಪೇಟೆಯಲ್ಲಿ ಕೆಲಸಕ್ಕೆ ಸೇರಿದ್ದೆ. ರಜೆಗೆ ಊರಿಗೆ ಬಂದಾಗಲೆಲ್ಲ ಅವರು ಪಡಸಾಲೆಯಲ್ಲಿ ಅದೇ ಕೆಲಸದಲ್ಲಿ ಇರುತ್ತಿದ್ದರು. ಬಟ್ಟೆ ಹೋದ ಹಾಗೇ ಬೆಳ್ಳಗೆ ಹೊರಬರುತ್ತಿತ್ತು.

"ಸ್ವಚ್ಛ ಐತಲ್ಲಪ್ಪಾ, ಸಾಕು."

"ಇನ್ನಾ ಐತಿ. ನಿನಗ ಕಾಣವಲ್ದು."

ಒಮ್ಮೆ ಕಿಟಕಿಯ ಗಾಳಿ ನಳಿಗೆಯ ಬಾಯಿಗೆ ಬಡಿದು ಸಣ್ಣಗೆ ಗುಂಯ್ ಎಂದಿತು. ಅಪ್ಪನ ಕೈ ಅಲ್ಲೇ ನಿಂತಿತು. ನಾನೂ ಕೇಳಿಸಿಕೊಂಡಿದ್ದೆ. ನಾನೇ ಎದ್ದು ಹೋಗಿ ಕಿಟಕಿ ಮುಚ್ಚಿದೆ.

ಕೆಲವು ವರ್ಷಗಳ ನಂತರ ಚುನಾವಣೆ ಬಂತು. ಲೈಸೆನ್ಸ್ ಇದ್ದವರೆಲ್ಲ ನಿಯಮದಂತೆ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿದರು. ಫಲಿತಾಂಶ ಬಂದ ಮೇಲೆ ಠಾಣೆಯಿಂದ ಫೋನ್ ಬಂತು, ಅಪ್ಪನನ್ನು ಕರೆದುಕೊಂಡು ಹೋದೆ.

"ಬರ್ರಿ ಯಜಮಾನ್ರ, ಕುಂದ್ರಿ. ಎಲ್ರೂ ಒಯ್ದ್ರು, ನಿಮ್ದೊಂದಾ ಉಳದೈತಿ," ಎಂದ ಹೆಡ್ ಕಾನ್‌ಸ್ಟೆಬಲ್.

"ನನಗ ಬ್ಯಾಡ್ರಿ. ಲೈಸೆನ್ಸೂ ವಾಪಸ್ ತಗೊಂಬಿಡ್ರಿ," ಅಂದರು ಅಪ್ಪ.

ಹೊರಗೆ ಬಂದವರೇ ಅರಣ್ಯ ಕಚೇರಿಗೆ ಕರೆದೊಯ್ಯಲು ಹೇಳಿದರು. ಅಲ್ಲಿನ ಅಧಿಕಾರಿಯ ಮುಂದೆ ನಿಂತು, ತಾವು ಹೊಡೆದದ್ದನ್ನೂ ಆಮೇಲೆ ಸುಳ್ಳು ಹೇಳಿದ್ದನ್ನೂ ಒಂದೇ ಉಸಿರಿಗೆ ಹೇಳಿದರು. ಆತ ಎಲ್ಲ ಕೇಳಿಸಿಕೊಂಡು ಹೇಳಿದ: "ಭಾಳ ವರ್ಷ ಆತಲ್ರಿ. ತಾಯಿ ಸತ್ತೈತೋ ಬದುಕೈತೋ ನಮಗೂ ಗೊತ್ತಿಲ್ಲ. ಮರಿ ಮಾತ್ರ ದೊಡ್ಡದಾಗೈತಿ, ಆರೈಕಿ ಕೇಂದ್ರದಾಗ ಆರಾಮೈತಿ. ಮನಿಗೆ ಹೋಗ್ರಿ."

"ಇಷ್ಟಾ ಏನ್ರಿ?" ಅಂದರು ಅಪ್ಪ.

ಬಸ್ಸಿನಲ್ಲಿ ಕೇಳಿದೆ: "ಅದನ್ನ ನೋಡಾಕ ಹೋಗೂಣೇನಪ್ಪಾ?"

"ಬ್ಯಾಡವ್ವಾ. ಅದೂ ನನ್ನ ಗುರುತು ಹಿಡೀದ ಸುಮ್ನ ಬಿಟ್ರ ಏನ್ ಮಾಡ್ಲಿ?"

ಮರುವರ್ಷ ಆ ಹೊಲದಲ್ಲಿ ಕಬ್ಬು ಬಿಟ್ಟು ಮೆಣಸಿನಕಾಯಿ ಹಾಕಿಸಿದರು. ಬೆಳೆ ಮೊಣಕಾಲೆತ್ತರ, ಏನೇ ಬಂದರೂ ದೂರದಿಂದಲೇ ಕಾಣುತ್ತದೆ. ಆದರೂ ಅಪ್ಪ ಇವತ್ತಿಗೂ ಗುಡ್ಡದ ಕಡೆ ಮುಖ ಮಾಡಿ ಕೂರುವುದಿಲ್ಲ.