ಟೀ ಹೊತ್ತಿನ ಫೈಲುಗಳು

"ಅದು ತಾನಾಗಿಯೇ ಸರಿಹೋಯಿತು" ಎಂದು ನಮ್ಮ ಮ್ಯಾನೇಜರು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ತಾನಾಗಿಯೇ ಸರಿಹೋಗುವುದು ನೆಗಡಿ. ಕಂಪ್ಯೂಟರಿಗೆ ಬಂದ ಕಾಯಿಲೆ ಹಾಗೆ ಹೋಗುವುದಿಲ್ಲ. ಯಾರಾದರೂ ಅದರ ಮುಂದೆ ಕೂತು, ಕಣ್ಣು ಕೆಂಪಗೆ ಮಾಡಿಕೊಂಡು, ಊಟ ತಣ್ಣಗಾಗಲು ಬಿಟ್ಟು ಹುಡುಕಬೇಕು. ಹಾಗೆ ಕೂತು ಹುಡುಕಿದವಳು ನನ್ನ ಅಕ್ಕ. ಆ ಮನುಷ್ಯನ ಬಾಯಲ್ಲಿ ಒಂದು ಸಲವೂ ಅವಳ ಹೆಸರು ಬಂದಿಲ್ಲ. ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ನಾನು ಏಳನೇ ಕ್ಲಾಸಿಗೇ ಪುಸ್ತಕ ಕಟ್ಟಿಟ್ಟವನು. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಒಗೆತದ ಮೇಸ್ತ್ರಿ. ಬೆಡ್‌ಶೀಟು, ದಿಂಬಿನ ಕವರು, ಆಪರೇಷನ್ ಮಾಡುವವರ ನಿಲುವಂಗಿ, ಎಲ್ಲ ನಮ್ಮಲ್ಲಿಗೇ ಬರುತ್ತವೆ. ಕೆಲಸದವರು ನನ್ನನ್ನು ಬೆನ್ನ ಹಿಂದೆ 'ಬಾಯ್ಲರು' ಎಂದು ಕರೆಯುತ್ತಿದ್ದರು. ಆಮೇಲೆ ಎದುರಿಗೇ ಕರೆಯತೊಡಗಿದರು, ನಾನೂ ಬಿಟ್ಟುಬಿಟ್ಟೆ.

ಅಕ್ಕ ಅದೇ ಕಾರ್ಖಾನೆಯಲ್ಲಿ ಡೇಟಾಬೇಸು ನೋಡಿಕೊಳ್ಳುತ್ತಿದ್ದಳು. ನನ್ನ ಪಾಲಿನ ಓದನ್ನೂ ಇವಳೇ ಓದಿಬಿಟ್ಟಳು ಎಂದು ಅಮ್ಮ ನಗುತ್ತಿದ್ದಳು. ನಮ್ಮಲ್ಲಿ ಪ್ರತಿ ಬಟ್ಟೆಯ ಅಂಚಿನಲ್ಲೂ ಒಂದು ಗುರುತಿನ ಪಟ್ಟಿ ಹೊಲಿದಿರುತ್ತದೆ. ಯಾವ ಬಟ್ಟೆ ಯಾವ ಆಸ್ಪತ್ರೆಯದು, ಎಷ್ಟು ಸಲ ಒಗೆದದ್ದು, ಈಗ ಎಲ್ಲಿದೆ, ಎಲ್ಲವೂ ಸರ್ವರಿನಲ್ಲಿ. ಸರ್ವರು ಇದ್ದದ್ದು ಹಳೆಯ ಸೋಪಿನ ಉಗ್ರಾಣದಲ್ಲಿ. ಎಷ್ಟು ವರ್ಷ ಕಳೆದರೂ ಆ ಕೋಣೆಯ ಗೋಡೆಯಿಂದ ಸೋಪಿನ ವಾಸನೆ ಹೋಗಲಿಲ್ಲ. ಅಕ್ಕ ಚಪ್ಪಲಿ ಹೊರಗೆ ಬಿಟ್ಟು, ತಣ್ಣನೆಯ ನೆಲಕ್ಕೆ ದಪ್ಪ ಸಾಕ್ಸು ಹಾಕಿಕೊಂಡು ಕೂರುತ್ತಿದ್ದಳು. ಜೋರಾಗಿ ಮಾತಾಡಿದ್ದು ನಾನು ಕೇಳಿಲ್ಲ. ಯೋಚನೆಗೆ ಬಿದ್ದರೆ ಕೈಗೆ ಸಿಕ್ಕ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚುತ್ತಾ ಇರುತ್ತಿದ್ದಳು. ನಮ್ಮಿಬ್ಬರ ಪಾಲಿನ ಸಿಟ್ಟು ಪೂರ್ತಿ ನನಗೇ ಬಂದಿತ್ತು.

ಅವಳದು ಗುತ್ತಿಗೆ ಕೆಲಸ. ಖಾಯಂ ಆದರೆ ಕಾರ್ಖಾನೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ನೆಲಮಟ್ಟದ ಮನೆ ಸಿಗುತ್ತಿತ್ತು. ಅಕ್ಕ, ಭಾವ, ಅಮ್ಮ ಮೂವರೂ ಇದ್ದದ್ದು ಮೂರನೇ ಮಹಡಿಯ ಎರಡು ಕೋಣೆಯಲ್ಲಿ. ಅಮ್ಮನ ಮಂಡಿ ಹೋಗಿತ್ತು. ಡಾಕ್ಟರ ಹತ್ತಿರ ಹೋಗಬೇಕಾದರೆ ನಾನೂ ಭಾವನೂ ಅವಳನ್ನು ಕುರ್ಚಿ ಸಮೇತ ಎತ್ತಿ ಇಳಿಸಬೇಕಿತ್ತು. "ಮದುವೆಯಲ್ಲೂ ನನ್ನನ್ನ ಇಷ್ಟು ಮೆರವಣಿಗೆ ಮಾಡಿರ್ಲಿಲ್ಲ ಕಣ್ರೋ" ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ಇಳಿದ ಮೇಲೆ ಮಾತ್ರ ಬೀದಿಯಲ್ಲಿ ಸ್ವಲ್ಪ ಹೊತ್ತು ಕೂರಿಸಿ ಅನ್ನುತ್ತಿದ್ದಳು. ಹೋಗಿ ಬರುವವರನ್ನು ನೋಡುವ ಆಸೆ.

ಆ ವರ್ಷ ಖಾಯಂ ಕಾಗದ ಮ್ಯಾನೇಜರ ಮೇಜಿಗೆ ಬಂದಿತ್ತು. ಸಹಿಯೊಂದು ಬಾಕಿ. ಸರಿಯಾಗಿ ಆ ಹೊತ್ತಿಗೇ ಈ ಪೀಡೆ ಶುರುವಾಯಿತು.

ಬೆಳಿಗ್ಗೆ ಎಲ್ಲ ಸರಾಗ. ಟೀ ಮುಗಿಸಿ ಬಂದರೆ ಕಂಪ್ಯೂಟರುಗಳೆಲ್ಲ ಕಲ್ಲಾಗಿ ನಿಂತಿರುತ್ತಿದ್ದವು. ಸರ್ವರಿನ ಡಿಸ್ಕಿನಲ್ಲಿ ಸಾಸಿವೆಯಷ್ಟೂ ಜಾಗವಿಲ್ಲ. ಒಗೆದ ಬಟ್ಟೆ ತಳ್ಳುಗಾಡಿಗಳಲ್ಲಿ ರಾಶಿ, ಹೊರಗೆ ಆಸ್ಪತ್ರೆಯ ವ್ಯಾನಿನವರ ಹಾರನ್ನು. ಅಕ್ಕ ಓಡಿ ಹೋಗಿ ನೋಡುವಷ್ಟರಲ್ಲಿ ಜಾಗ ಮತ್ತೆ ಖಾಲಿ. ಯಾವುದು ತುಂಬಿತ್ತು, ಯಾರು ತುಂಬಿದ್ದರು, ಒಂದಕ್ಕೂ ಕುರುಹಿಲ್ಲ.

ಒಂದು ದಿನ ಮಾತ್ರ ಕಣ್ಣಿಗೆ ಬಿದ್ದವು. ಹೆಸರಿನ ಜಾಗದಲ್ಲಿ ಬರೀ ಅಂಕಿ ಇದ್ದ ದೊಡ್ಡ ದೊಡ್ಡ ತಾತ್ಕಾಲಿಕ ಫೈಲುಗಳು, ನೋಡನೋಡುತ್ತಿದ್ದಂತೆ ಒಂದೊಂದಾಗಿ ಮಾಯ.

"ದೆವ್ವ ಏನೇ?" ಎಂದೆ.

"ದೆವ್ವಕ್ಕೆ ಇಷ್ಟು ಶಿಸ್ತು ಇರಲ್ಲ" ಎಂದಳು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದಳು. "ನೀವು ಮಡಿಚೋವಾಗ ಮೇಜು ಸಾಕಾಗದಿದ್ರೆ ಏನು ಮಾಡ್ತೀರಿ?"

"ನೆಲದ ಮೇಲೆ ಹರಡ್ತೀವಿ."

"ಇದೂ ಹಾಗೇ. ಯಾರೋ ಬಂದು 'ಎಲ್ಲಾ ಬಟ್ಟೆನೂ ಹಳೇದರಿಂದ ಹೊಸದಕ್ಕೆ ಜೋಡಿಸಿಕೊಡು' ಅಂತ ಕೇಳಿದ್ರೆ ಸರ್ವರಿನ ಮೇಜು ಸಾಕಾಗಲ್ಲ. ಡಿಸ್ಕಿನ ಮೇಲೆ ಹರಡಿಕೊಂಡು ಜೋಡಿಸುತ್ತೆ. ಮುಗಿದ ಮೇಲೆ ತಾನೇ ಗುಡಿಸಿ ಎದ್ದು ಹೋಗುತ್ತೆ. ಹರಡೋದು ತಪ್ಪಲ್ಲ. ಅಷ್ಟು ದೊಡ್ಡದನ್ನ, ಅಷ್ಟು ಸಲ ಕೇಳ್ತಾ ಇರೋರು ಯಾರು ಅನ್ನೋದು ಗೊತ್ತಾಗಬೇಕು."

ಮ್ಯಾನೇಜರಿಗೆ ಅಷ್ಟು ವ್ಯವಧಾನ ಎಲ್ಲಿ? "ಅಳಿಸಿ ಬಿಸಾಕಮ್ಮ ಅವನ್ನ. ಆಫ್ ಮಾಡಿ ಆನ್ ಮಾಡು" ಎಂದರು.

"ಕೆಲಸ ನಡೀತಿರೋವಾಗ ಕಿತ್ತುಕೊಂಡ್ರೆ ಇನ್ನೇನೋ ಕೆಡುತ್ತೆ ಸಾರ್. ಕಾರಣ ಸಿಗೋವರೆಗೂ ನಾಳೆ ಮತ್ತೆ ಬರುತ್ತೆ."

"ಕಾರಣ ಸಿಗೋವರೆಗೂ ಖಾಯಮ್ಮಿನ ಮಾತು ಬೇಡ ಹಾಗಾದ್ರೆ."

ನಾನು ಬಾಗಿಲಲ್ಲೇ ಇದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕಾಲು ತುಳಿದಳು. ಆ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ, ಹೋಗಿ ಎಲೆಕ್ಟ್ರಿಷಿಯನ್ ಮೇಲೆ ಬಿದ್ದೆ.

"ನಿನ್ನ ವೈರೇ ಸರಿ ಇಲ್ಲ ಕಣಯ್ಯ!"

"ವೈರು ಕೆಟ್ರೆ ಫೈಲು ಹುಟ್ಟುತ್ತಾ? ಹೋಗಪ್ಪ ಬಾಯ್ಲರು, ಮೊದಲು ನಿನ್ನ ಆವಿ ಬಿಟ್ಕೊಂಡು ಬಾ."

ಅಕ್ಕ ಯಾರ ಮೇಲೂ ಬೀಳಲಿಲ್ಲ. ಅಂಥ ದೊಡ್ಡ ಫೈಲು ಹುಟ್ಟಿದ ಕೂಡಲೇ ಅದನ್ನು ಹುಟ್ಟಿಸಿದ ಪ್ರಶ್ನೆ ಯಾವುದು, ಎಲ್ಲಿಂದ ಬಂತು ಎಂದು ಹೇಳುವಂತೆ ಸರ್ವರಿಗೇ ಅಪ್ಪಣೆ ಮಾಡಿದಳು. ಮಾರನೆಯ ದಿನ ಉತ್ತರ ಸಿಕ್ಕಿತು. ಉತ್ತರ ಕೇಳಿ ಮೊದಲಿಗಿಂತ ಹೆಚ್ಚು ಗೊಂದಲವಾಯಿತು. ಪ್ರಶ್ನೆ ಬರುತ್ತಿದ್ದದ್ದು ಒಗೆದ ಬಟ್ಟೆ ಮಡಚುವ ದೊಡ್ಡ ಕೋಣೆಯ, ಅಂದರೆ ಮಡಿಕೆಯ ಹಾಲಿನ, ಒಂದು ಕಂಪ್ಯೂಟರಿನಿಂದ. ಅದೂ ಟೀ ಹೊತ್ತಿನಲ್ಲಿ, ಒಂದರ ಬೆನ್ನಿಗೆ ಒಂದು, ಉಸಿರು ಬಿಡದೆ. ಟೀ ಹೊತ್ತಿನಲ್ಲಿ ಅಲ್ಲಿ ನರಪಿಳ್ಳೆ ಇರುವುದಿಲ್ಲ.

"ನಾಳೆ ಟೀ ಬಿಟ್ಬಿಡು. ನನ್ನ ಜೊತೆ ಬಾ" ಎಂದಳು.

ಮರುದಿನ ಇಬ್ಬರೂ ಮಡಿಕೆಯ ಹಾಲಿಗೆ ಹೋಗಿ ಟವೆಲಿನ ರಾಶಿಯ ಹಿಂದೆ ಕೂತೆವು. ಗಂಟೆ ಹೊಡೆಯಿತು. ಹೆಂಗಸರೆಲ್ಲ ಮಾತಾಡುತ್ತಾ ಎದ್ದು ಹೋದರು. ಕೊನೆಗೆ ಉಳಿದವರು ದೊಡ್ಡಮ್ಮ. ನಮ್ಮ ಸಂಬಂಧವೇನಲ್ಲ, ಮಡಿಕೆಯ ಹಾಲಿನಲ್ಲಿ ಎಲ್ಲರಿಗಿಂತ ಹಳಬರು, ಗಂಡ ಇಲ್ಲ, ಮಕ್ಕಳಿಲ್ಲ, ಕ್ವಾರ್ಟರ್ಸಿನಲ್ಲಿ ಒಬ್ಬರೇ ಇರುವವರು, ಎಲ್ಲರಿಗೂ ದೊಡ್ಡಮ್ಮ. ಒದ್ದೆ ಬಟ್ಟೆಯಲ್ಲೇ ವರ್ಷಗಟ್ಟಲೆ ಕೈಯಾಡಿಸಿ ಬೆರಳಿನ ಗೆಣ್ಣುಗಳು ಶುಂಠಿಯ ಹಾಗೆ ಊದಿಕೊಂಡಿದ್ದವು. ಅವರು ಆಚೀಚೆ ನೋಡಿದರು. ಪಟ್ಟಿ ಕತ್ತರಿಸುವ ದಪ್ಪ ಕತ್ತರಿಯನ್ನು ತೆಗೆದು, ಅದರ ಹಿಡಿಯನ್ನು ಕೀಬೋರ್ಡಿನ ಎಂಟರ್ ಗುಂಡಿಯ ಮೇಲೆ ಒರಗಿಸಿದರು. ಸೆರಗು ಸರಿಮಾಡಿಕೊಂಡು ಟೀಗೆ ಹೋದರು.

ಅಕ್ಕ ಹೋಗಿ ಕಂಪ್ಯೂಟರನ್ನು ನೋಡಿದಳು. ಬಟ್ಟೆ ಹುಡುಕುವ ಪುಟ ತೆರೆದಿತ್ತು. ಹುಡುಕುವ ಜಾಗ ಖಾಲಿ. ಕತ್ತರಿಯ ಭಾರಕ್ಕೆ ಗುಂಡಿ ಒತ್ತಿಯೇ ಇತ್ತು. ಹುಡುಕು, ಹುಡುಕು, ಹುಡುಕು. ಏನನ್ನು ಎಂದು ಹೇಳದಿದ್ದರೆ ಎಲ್ಲವನ್ನೂ. ಅಕ್ಕ ಕತ್ತರಿ ಎತ್ತಿಟ್ಟಳು.

ವಿಷಯ ಇಷ್ಟೇ. ಯಾರೋ ಕೆಲಸದ ಹೊತ್ತಿನಲ್ಲಿ ಇಸ್ಪೀಟು ಆಡಿದರೆಂದು ಮ್ಯಾನೇಜರು ಕಂಪ್ಯೂಟರುಗಳಿಗೆ ಬೀಗ ಹಾಕಿಸಿದ್ದರು. ಐದು ನಿಮಿಷ ಮುಟ್ಟದಿದ್ದರೆ ಬೀಗ. ತೆಗೆಯಲು ಅಕ್ಷರ, ಅಂಕಿ, ಚುಕ್ಕಿ ಎಲ್ಲ ಕಲಸಿದ ಪಾಸ್‌ವರ್ಡು. ದೊಡ್ಡಮ್ಮನ ಬೆರಳು ಒಂದು ಒತ್ತಲು ಹೋದರೆ ಎರಡು ಒತ್ತುತ್ತಿತ್ತು. ಹಿಂದೆ ಗಾಡಿಗಳ ಸಾಲು, "ದೊಡ್ಡಮ್ಮ, ಬಾಗಿಲು ತೆಗೀರಿ, ಚಳಿ ಆಗ್ತಿದೆ" ಎಂದು ಗೇಲಿ. ಬೀಗವೇ ಬೀಳದಿರಲಿ ಎಂದು ಅವರು ಕತ್ತರಿಯ ಉಪಾಯ ಕಂಡುಕೊಂಡಿದ್ದರು. ಮೊದಲು ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆಸ್ಪತ್ರೆಯವರು ಕೇಳಿದರೆಂದು ಅಕ್ಕ ಆ ಹುಡುಕುವ ಪುಟವನ್ನು ಹೊಸದಾಗಿ ಸೇರಿಸಿದ್ದಳು. ಆಮೇಲೆಯೇ ಕತ್ತರಿಗೆ ಬಾಯಿ ಬಂದದ್ದು.

ಅವತ್ತು ಮಧ್ಯಾಹ್ನವೇ ಎಲ್ಲ ಸರಿಮಾಡಿದಳು. ಜಾಗ ಖಾಲಿ ಬಿಟ್ಟು ಹುಡುಕಿದರೆ "ಏನು ಬೇಕು ಹೇಳಿ" ಎಂದು ತಿರುಗಿ ಕೇಳುವ ಹಾಗೆ ಮಾಡಿದಳು. ಕುತ್ತಿಗೆಗೆ ಹಾಕಿಕೊಳ್ಳುವ ಕಾರ್ಡು ತೋರಿಸಿದರೆ ಬೀಗ ತೆಗೆಯುವ ಏರ್ಪಾಡೂ ಆಯಿತು. ದೊಡ್ಡಮ್ಮನಿಗೆ ಹೇಳಿದ್ದು ಒಂದೇ ಮಾತು: "ಕತ್ತರಿ ಇಡಬೇಡಿ ದೊಡ್ಡಮ್ಮ, ಗುಂಡಿ ಸವೆಯುತ್ತೆ. ಇನ್ನು ಕಾರ್ಡು ಸಾಕು."

"ಅಯ್ಯೋ, ನೋಡಿಬಿಟ್ಯಾ?" ಎಂದು ದೊಡ್ಡಮ್ಮ ನಾಲಿಗೆ ಕಚ್ಚಿಕೊಂಡರು. ಸರ್ವರು ನಿಲ್ಲುವುದಕ್ಕೂ ತಮ್ಮ ಕತ್ತರಿಗೂ ನಂಟಿದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಅಕ್ಕ ಹೊಳೆಯಿಸಲೂ ಇಲ್ಲ.

ಸಂಜೆ ಮ್ಯಾನೇಜರ ಕೋಣೆ. ತೊಂದರೆ ಹೋಯಿತು ಎಂದ ಕೂಡಲೇ ಅವರು ಕೇಳಿದ್ದು, "ಯಾರು ಮಾಡಿದ್ದು?"

"ಖಾಲಿ ಹುಡುಕಾಟಕ್ಕೂ ಉತ್ತರ ಕೊಡೋ ಹಾಗೆ ಬರೆದದ್ದು ನಾನೇ ಸಾರ್. ತಿದ್ದಿದೀನಿ."

"ಅದಲ್ಲಮ್ಮ. ಒತ್ತಿದ್ದು ಯಾರ ಕೈ?"

"ಕೈ ಯಾರದೂ ಅಲ್ಲ ಸಾರ್. ಅದಕ್ಕೇ ಹುಡುಕೋದು ಇಷ್ಟು ಕಷ್ಟ ಆಯ್ತು."

ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದೆ. ಮ್ಯಾನೇಜರು ನಗಲಿಲ್ಲ. ಮೇಜಿನ ಖಾನೆಯಿಂದ ಖಾಯಂ ಕಾಗದ ತೆಗೆದು ಮುಂದಿಟ್ಟರು. "ವ್ಯಾನಿನವರ ಹತ್ತಿರ ಬೈಸಿಕೊಂಡವನು ನಾನು. ಮೇಲಿನವರಿಗೆ ಒಂದು ಹೆಸರು ಹೇಳಬೇಕು. ಹೆಸರು ಕೊಡು, ಇಲ್ಲೇ ಸಹಿ ಹಾಕ್ತೀನಿ. ನಿಮ್ಮ ತಾಯಿಗೆ ಕೆಳಗಿನ ಮನೆ ಬೇಕು ಅಂತಿದ್ದೆಯಲ್ಲ."

ಅಕ್ಕ ಕನ್ನಡಕ ಒರೆಸುವ ಬಟ್ಟೆಯನ್ನು ಮಡಚುತ್ತಾ ಕೂತಳು. ಇನ್ನು ಮಡಚಲು ಜಾಗವಿಲ್ಲ ಎನ್ನುವವರೆಗೂ ಮಡಚಿದಳು. ಆಮೇಲೆ "ಹಾಗಾದ್ರೆ ಕಾಗದ ಅಲ್ಲೇ ಇರಲಿ ಸಾರ್" ಎಂದು ಎದ್ದಳು.

ಮನೆಯ ಮೆಟ್ಟಿಲ ಮೇಲೆ ನಾನು ಅವಳನ್ನು ತಡೆದು ಕೂಗಾಡಿದೆ. "ಅಮ್ಮನ ಮಂಡಿಗಿಂತ ಆ ಮುದುಕಿ ಹೆಚ್ಚಾ ನಿಂಗೆ?"

"ಮೆಲ್ಲಗೆ. ಅಮ್ಮನಿಗೆ ಕೇಳಿಸುತ್ತೆ."

"ಕೇಳಿಸ್ಲಿ!"

"ಕ್ವಾರ್ಟರ್ಸಲ್ಲಿ ಈಗ ಖಾಲಿ ಮನೆ ಇಲ್ಲ ಕಣೋ. ದೊಡ್ಡಮ್ಮನ್ನ ಕೆಲಸದಿಂದ ತೆಗೆದ್ರೆ ಮನೆನೂ ಬಿಡಿಸ್ತಾರೆ. ನಂಗೆ ಕೊಡೋದು ಅದೇ ಮನೆ. ಅವರನ್ನ ಬೀದಿಗೆ ಹಾಕಿ ಅಮ್ಮನ್ನ ಅಲ್ಲಿ ಕೂರಿಸಲಾ? ನೀನು ಕೂರಿಸ್ತೀಯಾ?"

ಗೋಡೆಗೆ ಒಂದು ಗುದ್ದಿದೆ. "ಗೋಡೆ ಬಾಡಿಗೆಯವರದ್ದಲ್ಲ, ಮಾಲೀಕರದ್ದು" ಎಂದು ಅವಳು ಮೇಲೆ ಹತ್ತಿದಳು. ಅರ್ಧ ಹತ್ತಿ ತಿರುಗಿ, ದೊಡ್ಡಮ್ಮನಿಗೆ ಯಾವತ್ತೂ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಗುತ್ತಿಗೆ ಮುಗಿದ ಮೇಲೆ ಮ್ಯಾನೇಜರು ಮುಂದುವರಿಸಲಿಲ್ಲ. ಅಕ್ಕನಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಸಂಬಳಕ್ಕೆ ಮೋಸವಿಲ್ಲ. ಮನೆ ಮಾತ್ರ ಅದೇ ಮೂರನೇ ಮಹಡಿ. ಕೊನೆಯ ವರ್ಷಗಳಲ್ಲಿ ಅಮ್ಮ ಕುರ್ಚಿಯಲ್ಲಿ ಇಳಿಯುವುದನ್ನೂ ಬಿಟ್ಟು, ಕಿಟಕಿಯಿಂದಲೇ ಬೀದಿ ನೋಡುತ್ತಿದ್ದಳು.

ದೊಡ್ಡಮ್ಮ ಕೆಲಸದ ವಯಸ್ಸು ಪೂರ್ತಿ ಮುಗಿಸಿದರು. ಹಾರ ಹಾಕಿ ಬೀಳ್ಕೊಟ್ಟೆವು. ಒಂಟಿ ಹೆಂಗಸೆಂದು ಅದೇ ಮನೆಯಲ್ಲಿ ಇರಲು ಬಿಟ್ಟರು. ಪಾಳಿ ಮುಗಿಸಿ ಹೋಗುವಾಗ ನನ್ನನ್ನು ಕಂಡರೆ ಕರೆದು ಟೀ ಕೊಡುತ್ತಿದ್ದರು. ಒಂದು ಸಂಜೆ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದವರು ಕೇಳಿದರು, "ನಿಮ್ಮಕ್ಕ ಹ್ಯಾಗಿದಾಳಪ್ಪ?"

"ಚೆನ್ನಾಗಿದಾಳೆ ದೊಡ್ಡಮ್ಮ."

"ಒಳ್ಳೆ ಹುಡುಗಿ. ಸ್ವಲ್ಪ ಗರ್ವ, ಅಷ್ಟೇ. ಮ್ಯಾನೇಜರ ಹತ್ತಿರ ಒಂದು ಮಾತು ತಗ್ಗಿ ನಡೆದಿದ್ರೆ ಅವಳಿಗೂ ಇಂಥದೇ ಮನೆ ಸಿಕ್ತಿತ್ತು. ಪಾಪ, ನಿಮ್ಮಮ್ಮ ಕೆಳಗೆ ಇರಬಹುದಿತ್ತು."

ಲೋಟ ನನ್ನ ಕೈಯಲ್ಲಿ ಸುಡುತ್ತಿತ್ತು. "ಹೌದು ದೊಡ್ಡಮ್ಮ" ಎಂದೆ. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ಆಡಿದ ಮಾತು ಇನ್ನೊಂದಿಲ್ಲ.

ಹೋದ ವರ್ಷ ದೊಡ್ಡಮ್ಮ ಅದೇ ಮನೆಯಲ್ಲಿ, ಮಲಗಿದಲ್ಲೇ ತೀರಿಕೊಂಡರು. ಆಮೇಲೆಯೇ ಅಕ್ಕ ಇದನ್ನು ಬರೆಯಲು ಬಿಟ್ಟದ್ದು. ತಾವು ಯಾರ ಋಣದಲ್ಲಿ ಆ ಹೊಸ್ತಿಲ ಮೇಲೆ ಕಾಲು ಚಾಚಿ ಕೂತದ್ದು ಎನ್ನುವುದು ಅವರಿಗೆ ಕೊನೆಗೂ ತಿಳಿಯಲಿಲ್ಲ. ತೀರಿಸಬೇಕು ಎಂದು ಅಕ್ಕ ಕೇಳಿದವಳೂ ಅಲ್ಲ.