ಅತ್ತಿಗೆಯ ಹಸಿವಿನ ಹೊತ್ತು

ಅತ್ತಿಗೆಯ ಕೈಯಿಂದ ಮಗ್ಗ ತಪ್ಪಿದ್ದು ನನ್ನಿಂದ. ಈ ವಯಸ್ಸಿನಲ್ಲಾದರೂ ಅದನ್ನು ಬರೆಯಬೇಕು.

ಇಳಕಲ್ಲಿನ ನಮ್ಮ ಮನೆಯಲ್ಲಿ ಅವರು ಬೆಳಕು ಹರಿಯುತ್ತಲೇ ಮಗ್ಗಕ್ಕೆ ಕೂರುತ್ತಿದ್ದರು. ಸೀರೆಯ ಮೈಗೆ ಸೆರಗಿನ ಎಳೆ ಕೂಡಿಸುವಾಗ ಅವರ ಬೆರಳು ತಪ್ಪುತ್ತಿರಲಿಲ್ಲ. ಅಣ್ಣ ತೀರಿದ ಮೇಲೆ ಮನೆಗೆ ನಾನೊಬ್ಬನೇ ಗಂಡಸು. ಗಂಡಸು ಉಣ್ಣುವ ತನಕ ಅವರು ಉಣ್ಣುತ್ತಿರಲಿಲ್ಲ. ನಾನೋ ಇಸ್ಪೀಟು ಮುಗಿಸಿ ಊರು ಮಲಗಿದ ಮೇಲೆ ಬರುತ್ತಿದ್ದೆ. ಅವರು ಮೊಣಕಾಲಿಗೆ ಗದ್ದ ಊರಿ ಒಲೆಯ ಮುಂದೆ ಕುಳಿತಿರುತ್ತಿದ್ದರು.

“ಇಸ್ಪೀಟಿನ ರಾಣಿ ಬಿಟ್ಲೇನು?”

“ನೀವು ಉಂಡಿಲ್ಲೇನ್ರಿ ವೈನಿ?”

“ನೀ ಉಂಡ್ರ ನಂದಾತು, ತಮ್ಮಾ.”

ವರ್ಷಗಳು ಹೀಗೇ ಹೋದವು. ಅವರಿಗೆ ರಾತ್ರಿ ನಿದ್ರೆ ಹತ್ತದಾಯಿತು, ಹಗಲು ಮಗ್ಗದ ಮೇಲೆ ತೂಕಡಿಕೆ. ಸೆರಗುಗಳು ಕೆಟ್ಟವು. ನೂಲು ಕೊಡುತ್ತಿದ್ದ ಸಾವುಕಾರ ಕೆಲಸ ಬಿಡಿಸಿದ.

ಬಾಗಲಕೋಟೆಯ ಡಾಕ್ಟರು ನನ್ನೆದುರೇ ಹೇಳಿದರು: “ಗುಳಿಗಿ ಆಮ್ಯಾಲ. ದಿನಾ ಹೊತ್ತು ಮುಳುಗಿದ ಕೂಡ್ಲೆ ಉಣ್ರಿ. ಊಟದ ಹೊತ್ತು ಕೆಟ್ರ ತಲಿಗೆ ಹಗಲ್ಯಾವ್ದು, ರಾತ್ರಿ ಯಾವ್ದು ತಿಳಿಯಂಗಿಲ್ಲ.”

ಅತ್ತಿಗೆ ನನ್ನ ಕಡೆ ನೋಡಲಿಲ್ಲ.

ಇಸ್ಪೀಟು ಬಿಟ್ಟೆ. ಮರುದಿನ ದೀಪ ಹಚ್ಚುವ ಹೊತ್ತಿಗೇ ಬಂದು ಉಂಡು, ಅವರ ತಾಟಿಗೆ ನಾನೇ ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ಅವರು ತುತ್ತು ಮುರಿದು ಬೆರಳಲ್ಲೇ ಹಿಡಿದು ಕುಳಿತರು.

“ಹೊಟ್ಟಿ ಒಲ್ಲೆ ಅಂತೈತಿ ತಮ್ಮಾ. ನೀ ಮೊದ್ಲ ಬರತಿದ್ದ ಹೊತ್ತಿಗೇ ಹಸಿಯಾಕ ಕಲತೈತಿ.”

ತಾಟು ಮುಚ್ಚಿಟ್ಟರು. ಅವರು ಉಣ್ಣುವ ತನಕ ಕಾಯಬೇಕೆಂದು ನಾನು ಗೋಡೆಗೆ ಒರಗಿ ಕುಳಿತೆ.

“ನೀ ಮಲಕೋ ಹೋಗು,” ಅಂದರು. “ಕಾಯೋದು ನನಗ ರೂಢಿ ಐತಿ.”