ಚಾಕುವಿನ ಕಾಮಾಲೆ

ಮೈದುನನ ಹೆಸರು ಎತ್ತಿದರೆ ಸಾಕು, ರತ್ನಪ್ರಭಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮೈದುನ ಹನುಮಂತ ಗುರುಗ್ರಾಮದ ಒಂದು ಕಂಪನಿಯಲ್ಲಿ ಮ್ಯಾನೇಜರು. ರಜಾ ದಿನ ದಿಲ್ಲಿಯ ಕಿದ್ವಾಯಿ ನಗರದ ಅಣ್ಣನ ಮನೆಗೆ ಊಟಕ್ಕೆ ಬಂದವನು ಸುಮ್ಮನೆ ಉಂಡು ಹೋಗುವ ಜಾತಿಯವನಲ್ಲ. ಅತ್ತಿಗೆ ಕೈಯಾರೆ ಮಾಡಿದ ಚಾಕುವನ್ನು ಸತ್ತ ಹಲ್ಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತುತ್ತಿದ್ದ.

"ಅತ್ತಿಗೆ, ಹಿಡಿಗೊಂದು ಹಿತ್ತಾಳೆ ಬಳೆ ತೊಡಿಸಿದ್ರೆ ಚಾಕು ಆಗಲ್ಲ. ನಮ್ಮನೇಲಿ ಫಾರಿನ್ ಚಾಕು ಇದೆ, ನೋಡಿ. ಸ್ಟೀಲು ಎಲ್ಲಿ ಮುಗೀತು, ಮರ ಎಲ್ಲಿ ಶುರುವಾಯ್ತು ಅಂತ ಉಗುರಿಗೂ ತಿಳಿಯಲ್ಲ."

ಅಂಗಡಿಯ ಚಾಕುವಿನ ಹಿಡಿ ಕುಂಬಳಕಾಯಿ ಹೆಚ್ಚುವಾಗ ಕಳಚಿ ಕೈ ಕೊಯ್ದ ಮೇಲೆ ರತ್ನಪ್ರಭಾ ಈ ಕೆಲಸಕ್ಕೆ ಕೈ ಹಾಕಿದ್ದಳು. ಕಚೇರಿಯಿಂದ ಬಂದು ಸೀರೆ ಬದಲಿಸಿದವಳೇ ಬಾಲ್ಕನಿಗೆ ಹೋಗಿ, ಹಳೆಯ ಗರಗಸದ ಅಲಗನ್ನು ಸಾಣೆ ಹಿಡಿಯುವ ಗ್ರೈಂಡರಿಗೆ ಕೊಟ್ಟು ಚಾಕುವಾಗಿಸುತ್ತಿದ್ದಳು. ಬಾಲ್ಕನಿಯ ಅರ್ಧಕ್ಕೂ ಹೆಚ್ಚು ಜಾಗವನ್ನು ಹನುಮಂತ ಅಣ್ಣನ ಹೊಟ್ಟೆ ಕರಗಲಿ ಎಂದು ಕಳಿಸಿದ್ದ ಟ್ರೆಡ್‌ಮಿಲ್ ಆಕ್ರಮಿಸಿತ್ತು. ಹೊಟ್ಟೆ ಕರಗಲಿಲ್ಲ. ಅದರ ಮೇಲೆ ಬನಿಯನ್ನುಗಳು ಒಣಗುತ್ತಿದ್ದವು.

ಗಂಡ ಇಂದುಶೇಖರ ಹೆಂಡತಿಗೆ ಹೆದರುವವನು, ತಮ್ಮನಿಗೆ ಇನ್ನೂ ಹೆಚ್ಚು ಹೆದರುವವನು. ಗ್ರೈಂಡರಿನ ಸದ್ದಿಗೆ ಕೆಳಗಿನ ಮನೆಯವರು ಗೊಣಗಿದ್ದೇ ನೆಪವಾಯಿತು. ಹನುಮಂತ ಪಕ್ಕದಲ್ಲಿ ಕೂತಿದ್ದಾಗಲೇ ತೀರ್ಪು ಕೊಟ್ಟ. "ನೋಡು ರತ್ನಾ, ದಸರಾದೊಳಗೆ ಇವನು ಒಪ್ಪೋ ಅಂಥ ಒಂದು ಚಾಕು ಮಾಡು. ಆಗ್ಲಿಲ್ವಾ, ಗ್ರೈಂಡರ್ ಗುಜರಿಗೆ, ಕಬಾಡಿಯವನಿಗೆ."

"ಆಗಲಿ," ಎಂದಳು ರತ್ನಪ್ರಭಾ, ಹಲ್ಲು ಕಚ್ಚಿಕೊಂಡು.

ಹಿತ್ತಾಳೆ ಬಳೆ ಬಿಟ್ಟು ಹೊಸ ದಾರಿ ಹಿಡಿದಳು. ಹಿಡಿ ಸೇರುವಲ್ಲಿ ಅಲಗಿನ ಎರಡು ಪಕ್ಕಕ್ಕೂ ಸ್ಟೀಲಿನ ಗಟ್ಟಿ ತುಂಡು ಕೂಡಿಸಬೇಕು. ಅದರ ಹಿಂದಿನ ಅಂಚನ್ನು ಓರೆಯಾಗಿ ಅರದಿಂದ ತಿಕ್ಕಿ, ಬೀಟೆ ಮರದ ಹಿಡಿಯ ಎರಡು ಹೋಳೂ ಅದರಡಿಗೆ ನುಸುಳಿ ಕಚ್ಚಿಕೊಳ್ಳುವ ಹಾಗೆ ಮಾಡಬೇಕು. ಓರೆ ಒಂದಿಷ್ಟು ತಪ್ಪಿದರೂ ಸಂದಿ ಬಾಯಿ ಬಿಡುತ್ತದೆ. ಮೊದಲ ಹಿಡಿ ಸೀಳಿಹೋಯಿತು. ಮುಂದಿನದು ಮೊಳೆ ಬಡಿಯುವಾಗ ಬಿರಿಯಿತು. ಕರೋಲ್ ಬಾಗ್‌ನಿಂದ ತಂದ ಹೊಸ ಅರ ಸವೆದೇ ಹೋಯಿತು. ಕೊನೆಗೊಂದು ಕೂಡಿಬಂತು, ಆದರೆ ಎಡಪಕ್ಕದಲ್ಲಿ ಕೂದಲೆಳೆಯಷ್ಟು ಸಂದಿ. ದಸರಾ ಬಾಗಿಲಿಗೇ ಬಂದಿತ್ತು. ರತ್ನಪ್ರಭಾ ಮರದ ಪುಡಿಗೆ ಅಂಟು ಕಲಸಿ ಸಂದಿಗೆ ತುಂಬಿ ಉಜ್ಜಿಬಿಟ್ಟಳು. ಭೂತಗನ್ನಡಿ ಹಿಡಿದರೂ ಕಾಣುತ್ತಿರಲಿಲ್ಲ. ಮೋಸ ಮಾಡಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಹನುಮಂತನ ಮುಖ ನೆನಪಾದಾಗ ಅದೂ ಹೋಯಿತು.

ಆಯುಧಪೂಜೆಯ ದಿನ ಗ್ರೈಂಡರು, ಅರ, ಸುತ್ತಿಗೆಗಳ ಜೊತೆ ಹೊಸ ಚಾಕುವನ್ನೂ ಮಣೆಯ ಮೇಲಿಟ್ಟಳು. ಹುಟ್ಟಿದಾಗಿನಿಂದ ಕೈಗೆ ಬಂದ ಅಭ್ಯಾಸ. ನೀರಲ್ಲಿ ಕಲಸಿದ ಅರಿಶಿನವನ್ನು ಎಲ್ಲಕ್ಕೂ ಧಾರಾಳವಾಗಿ ಬಳಿದು ಕುಂಕುಮ ಇಟ್ಟಳು. ಪೂಜೆಗಿಟ್ಟದ್ದನ್ನು ಅಂದು ಮುಟ್ಟುವ ಹಾಗಿಲ್ಲ. ಚಾಕು ಮರುದಿನದವರೆಗೂ ಅರಿಶಿನದಲ್ಲೇ ಮಲಗಿತ್ತು.

ವಿಜಯದಶಮಿಯಂದು ಹನುಮಂತ ಊಟಕ್ಕೆ ಬಂದ. ಅವನೆದುರೇ ಒದ್ದೆ ಬಟ್ಟೆಯಿಂದ ಒರೆಸಿ ಕೈಗೆ ಕೊಟ್ಟಳು. ಬಲಪಕ್ಕ ನೋಡಿದ. ಕೂಡಿದ ಜಾಗದಲ್ಲಿ ಉಗುರು ಎಳೆದ. ಮುಖ ಸಪ್ಪಗಾಯಿತು. ರತ್ನಪ್ರಭಾಳಿಗೆ ಪಾಯಸ ಕುಡಿದಷ್ಟು ಖುಷಿ. ಆಮೇಲೆ ಎಡಕ್ಕೆ ತಿರುಗಿಸಿದ.

ಸ್ಟೀಲಿಗೂ ಮರಕ್ಕೂ ನಡುವೆ ಉದ್ದಕ್ಕೆ ಹಳದಿ ಗೆರೆ. ತುಂಬಿದ್ದ ಪುಡಿ ಅರಿಶಿನವನ್ನೆಲ್ಲ ಕುಡಿದಿತ್ತು.

"ಅಯ್ಯೋ, ಅಣ್ಣಾ, ಇಲ್ನೋಡೋ! ಅತ್ತಿಗೆ ಚಾಕುಗೆ ಕಾಮಾಲೆ!" ಹನುಮಂತ ಸೋಫಾ ಬಡಿದು ನಕ್ಕ. ಇಂದುಶೇಖರನೂ ನಕ್ಕ. ರತ್ನಪ್ರಭಾ ಸಹಿಸಲಾರದ್ದು ಆ ಎರಡನೆಯ ನಗೆ. ನಗುನಗುತ್ತಲೇ ಗಂಡ ಕಬಾಡಿಯವನಿಗೆ ಫೋನ್ ಮಾಡಿ ನಾಳೆ ಬಾ ಎಂದ.

ರತ್ನಪ್ರಭಾ ಚಾಕು ಕಸಿದುಕೊಂಡು ಒಳಗೆ ನಡೆದಳು. ಅಡುಗೆಮನೆಯಲ್ಲಿ ನಿಂತು ಚಾಕುವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಲಗಡೆ ಹಳದಿಯ ಸುಳಿವೇ ಇಲ್ಲ. ಆ ಪಕ್ಕವನ್ನು ಓರೆಯಾಗಿ ಕೊಯ್ದ ಮರದ ಅಚ್ಚಿಗೆ ಕಟ್ಟಿ ತಿಕ್ಕಿದ್ದಳು. ಎಡಗಡೆ ಮೊದಲು ಮಾಡಿದ್ದು, ಬರೀ ಕಣ್ಣಳತೆ ನಂಬಿ. ತಪ್ಪು ಎಲ್ಲಿತ್ತೆಂದು ಅರಿಶಿನ ಬೆರಳಿಟ್ಟು ತೋರಿಸಿತ್ತು. ಅವಳ ಸಿಟ್ಟು ಇಳಿಯಲಿಲ್ಲ, ಆದರೆ ಅದಕ್ಕೊಂದು ಕೆಲಸ ಸಿಕ್ಕಿತು.

ಮರುದಿನ ಇಂದುಶೇಖರ ಹೆಂಡತಿಯ ಮುಖ ನೋಡಲಾರದೆ ಬೇಗ ಕಚೇರಿಗೆ ಓಡಿದ. ರತ್ನಪ್ರಭಾ ರಜೆ ಹಾಕಿ ಕೂತಳು. ಕಬಾಡಿಯವನು ಬಂದು ಬಾಲ್ಕನಿಯಲ್ಲಿ ಗ್ರೈಂಡರಿಗೆ ಕೈ ಹಾಕಿದ.

"ಭಯ್ಯಾ, ವೋ ನಹೀ," ಎಂದಳು. "ಯೇ ವಾಲಾ." ಟ್ರೆಡ್‌ಮಿಲ್ ತೋರಿಸಿ ಅದರ ಮೇಲಿನ ಬನಿಯನ್ನುಗಳನ್ನು ತಾನೇ ಎತ್ತಿಕೊಂಡಳು.

ಸಂಜೆ ಇಂದುಶೇಖರ ಬಾಲ್ಕನಿ ನೋಡಿ ಬಾಯಿ ತೆರೆದ. ಹೆಂಡತಿಯ ಕೈಯಲ್ಲಿ ಸುತ್ತಿಗೆ ಇತ್ತು, ಚಾಕು ಹಿಡಿಯ ಎಡ ಹೋಳನ್ನು ಒಡೆದು ತೆಗೆಯುತ್ತಿದ್ದಳು. ತೆರೆದ ಬಾಯಿ ಮುಚ್ಚಿಕೊಂಡು ಕಾಫಿ ತಾನೇ ಮಾಡಿಕೊಂಡ.

ದೀಪಾವಳಿಗೆ ಹನುಮಂತ ಬಂದಾಗ ರತ್ನಪ್ರಭಾ ಅವನ ಮುಂದೆ ಚಾಕು ಇಟ್ಟಳು, ಪಕ್ಕದಲ್ಲಿ ಅರಿಶಿನದ ಬಟ್ಟಲನ್ನೂ ಇಟ್ಟಳು.

"ನೀನೇ ಬಳಿದು ನೋಡು."

ಅವನು ಬಳಿದ. ಕಾಫಿ ಮುಗಿಯುವವರೆಗೂ ಬಿಟ್ಟು ಒರೆಸಿದ. ಎಡ ನೋಡಿದ, ಬಲ ನೋಡಿದ. ಹಳದಿ ಅವನ ಬೆರಳಿನ ಮೇಲಷ್ಟೇ ಇತ್ತು. ಮಾತು ತಪ್ಪಿಸಲು ಬಾಲ್ಕನಿಯತ್ತ ತಿರುಗಿದ.

"ಅಣ್ಣಾ, ಟ್ರೆಡ್‌ಮಿಲ್ ಎಲ್ಲೋ?"

ಇಂದುಶೇಖರ ಪೇಪರಿನ ಹಿಂದೆ ಅಡಗಿದ.

"ಗುಜರಿಗೆ ಹೋಯ್ತು," ಎಂದಳು ರತ್ನಪ್ರಭಾ. "ಮನೇಲಿ ಕೆಲಸಕ್ಕೆ ಬಾರದ್ದು ಅದೊಂದೇ ಇತ್ತು. ಸೌತೆಕಾಯಿ ಅಲ್ಲಿದೆ. ಕೋಸಂಬರಿಗೆ ಸಣ್ಣಗೆ ಹೆಚ್ಚು."

ಹನುಮಂತ ಚಾಕು ಹಿಡಿದು ಅಡುಗೆಮನೆಗೆ ಎದ್ದು ಹೋದ.